ಮನೆಯಲ್ಲೇ ಓದುವವಳು, ಶಾಲೆ ಬಿಟ್ಟವಳು

ಮಗಳನ್ನು ಶಾಲೆಯಿಂದ ಬಿಡಿಸಿ ಮನೆಯಲ್ಲೇ ಓದಿಸತೊಡಗಿದಾಗ ಊರವರು ನನಗೆ ತಲೆ ಕೆಟ್ಟಿದೆ ಎಂದರು. ತಲೆ ಕೆಟ್ಟಿರಲಿಲ್ಲ, ಸಿಟ್ಟು ನೆತ್ತಿಗೇರಿತ್ತು. ನಿಧಾನವಾಗಿ ಓದುವ ಮಗುವನ್ನು ಇಡೀ ತರಗತಿಯ ಮುಂದೆ ನಿಲ್ಲಿಸಿ ನಗೆಪಾಟಲು ಮಾಡಿದ್ದರು. ಮಾರನೆಯ ದಿನವೇ ಹೋಗಿ ಟಿ.ಸಿ. ಇಸಕೊಂಡು ಬಂದೆ. ನಮ್ಮದು ಎಂದೋ ಕರ್ನಾಟಕದಿಂದ ಬಂದು ವಯನಾಡಿನಲ್ಲಿ ನೆಲೆನಿಂತ ಜೈನರ ಮನೆ. ಗದ್ದೆ, ಕಾಫಿ, ಒಂದಿಷ್ಟು ಮೆಣಸಿನ ಬಳ್ಳಿ. ಊಟಕ್ಕೆ ತೊಂದರೆಯಿಲ್ಲ, ಹಟಕ್ಕೂ ಕೊರತೆಯಿಲ್ಲ.

ಮಗಳಿಗೆ ಅಕ್ಷರಕ್ಕಿಂತ ಸ್ಕ್ರೂಡ್ರೈವರ್ ಮೇಲೆ ಪ್ರೀತಿ ಎಂದು ಗೊತ್ತಾದ ಮೇಲೆ ಒಂದು ರೋಬೋಟ್ ಕಿಟ್ ತರಿಸಿದೆ. ಒಬ್ಬಳೇ ಕೂತು ಮಾಡಿದರೆ ಬೇಸರ ಬರುತ್ತದೆ. ಅದಕ್ಕೇ ಮಕ್ಕಳಿಗೆ ಮನೆಯಲ್ಲಿ ಕಲಿಸುವ ಇನ್ನೂ ಎರಡು ಮೂರು ಕುಟುಂಬಗಳನ್ನು ಹುಡುಕಿ, ಶನಿವಾರ ನಮ್ಮ ಕಾಫಿ ಗೋದಾಮಿನಲ್ಲಿ ಸೇರೋಣ ಎಂದೆ. ನೂಲ್ಪುಳದ ಆಚೀಚೆಯ ಮನೆಗಳಿಗೂ ಹೋಗಿ ರೋಬೋಟ್ ಮಾಡಲು ಮಕ್ಕಳನ್ನು ಕಳಿಸಿ ಎಂದು ಕೇಳಿಕೊಂಡೆ. ಅಜ್ಜಿಯೊಬ್ಬರು, "ಕಾಪಿ ಕೊಯ್ಯಕ್ಕೆ ಬರ್ತದಾ ಅದ್ಕೆ? ಕೂಲಿ ಕೇಳಲ್ಲ ತಾನೆ?" ಎಂದು ವಿಚಾರಿಸಿದರು. ನಮ್ಮದು ಅಂಗೈಯಗಲದ ಗಾಡಿ. ನೆಲಕ್ಕೆ ಅಂಟಿಸಿದ ಕಪ್ಪು ಟೇಪಿನ ಜಾಡು ಹಿಡಿದು ತಾನಾಗಿ ಓಡಿದರೆ ಅದರ ಜನ್ಮ ಸಾರ್ಥಕ. ಆ ಅಜ್ಜಿಯ ನಿರೀಕ್ಷೆಗೆ ಅದು ಎಲ್ಲಿ ಸಾಕಾಗಬೇಕು!

ಕಾಫಿ ಕೊಯ್ಲಿಗೆ ಬರುತ್ತಿದ್ದ ಕಾಡಂಚಿನ ಹಾಡಿಯ ಹೆಂಗಸೊಬ್ಬಳು ಮಗಳನ್ನೂ ಜೊತೆಗೆ ಕರೆತರುತ್ತಿದ್ದಳು. ಹುಡುಗಿಗೆ ನನ್ನ ಮಗಳದೇ ವಯಸ್ಸು. ಶಾಲೆಗೆ ಯಾಕೆ ಕಳಿಸಿಲ್ಲ ಎಂದು ಗದರುವ ಧಾಟಿಯಲ್ಲಿಯೇ ಕೇಳಿದೆ.

"ಸ್ಕೂಲಿಗೆ ಅಂತ ಪಂಚಾಯ್ತಿ ಕಳಿಸ್ತಿದ್ದ ಜೀಪು ನಿಂತೋಯ್ತಲ್ಲ ಅಕ್ಕ. ನಡ್ದು ಹೋಗಕ್ಕೆ ದಾರೀಲಿ ದೊಡ್ಡವ್ರು ನಿಂತಿರ್ತಾರೆ," ಎಂದಳು. ಆನೆಯ ಹೆಸರನ್ನು ಅವರು ಸುಮ್ಮಸುಮ್ಮನೆ ಎತ್ತುವುದಿಲ್ಲ. "ಟೀಚರ್ ಹೇಳೋ ಮಲಯಾಳವೂ ಇವ್ಳಿಗೆ ಅಷ್ಟಕ್ಕಷ್ಟೆ. ಕೂತ್ಕೊಂಡ್ಳು ಮನೇಲಿ."

ಮಗುವನ್ನು ಗೋದಾಮಿಗೆ ಕಳಿಸು ಎಂದೆ. ಅವರ ಮನೆಮಾತು ನಮ್ಮ ಕನ್ನಡಕ್ಕೆ ಹತ್ತಿರ, ಹಾಗಾಗಿ ಹುಡುಗಿಯರಿಬ್ಬರೂ ಬೇಗ ಒಂದಾದರು. ಲ್ಯಾಪ್‌ಟಾಪಿನಲ್ಲಿ ಪ್ರೋಗ್ರಾಂ ಬರೆಯುವುದು ನನ್ನ ಮಗಳ ಪಾಲು. ಗಾಡಿಯ ಹೊಟ್ಟೆಯ ಕೆಳಗೆ ನೆಲ ನೋಡುವ ಎರಡು ಸೆನ್ಸರ್ ಇರುತ್ತವೆ. ಬೆಳಕು ಬದಲಾದಾಗ ಅವುಗಳ ಪುಟ್ಟ ತಿರುಪನ್ನು ತಿರುಗಿಸಿ ಹದ ಮಾಡುವುದು ಆ ಹುಡುಗಿಯ ಪಾಲು. ಗೋದಾಮಿನ ನೆಲದ ತುಂಬ ಕಾಫಿ ಹಣ್ಣಿನ ಕಲೆ. ಗಾಡಿ ಕಲೆಯನ್ನೇ ಗೆರೆಯೆಂದುಕೊಂಡು ಅಡ್ಡಾದಿಡ್ಡಿ ಹೋಗಿ ಚೀಲಗಳಿಗೆ ಗುದ್ದಿದಾಗಲೆಲ್ಲ ಇಬ್ಬರೂ ಬಿದ್ದುಬಿದ್ದು ನಗುತ್ತಿದ್ದರು. ಮಗಳು ಶಾಲೆ ಬಿಟ್ಟ ಮೇಲೆ ಹಾಗೆ ನಕ್ಕಿದ್ದನ್ನು ನಾನು ಕೇಳಿರಲಿಲ್ಲ. ಆ ಹುಡುಗಿಗೆ ನಾನು ಋಣಿ.

ಕೊಯ್ಲು ಮುಗಿದ ಮೇಲೂ ತಾಯಿ ಶನಿವಾರ ತಪ್ಪಿಸದೆ ಅವಳನ್ನು ಕರೆತಂದಳು. ಅಷ್ಟರಲ್ಲಿ ಕೇಣಿಚಿರದಲ್ಲಿ ಮಕ್ಕಳ ರೋಬೋಟ್ ಮೇಳ ನಡೆಯುತ್ತದೆ ಎಂದು ತಿಳಿಯಿತು. ಬೆಳಿಗ್ಗೆ ಶಾಲೆಗಳ ತಂಡ, ಮಧ್ಯಾಹ್ನ ಮನೆಯಲ್ಲಿ ಓದುವ ಮಕ್ಕಳ ತಂಡ. ಇಬ್ಬರನ್ನೂ ಒಂದು ತಂಡ ಮಾಡಿದೆ. ಆ ಹುಡುಗಿ ಊಟ ಬಿಟ್ಟು ಅಭ್ಯಾಸ ಮಾಡಿದಳು. ತಾಯಿಯನ್ನೂ ಕೂರಿಸಿಕೊಂಡು ನಮ್ಮ ಜೀಪಿನಲ್ಲಿ ಹೊರಟೆವು.

ಹೆಸರು ಕೊಡುವ ಮೇಜಿನ ಹಿಂದೆ ಕೂತಿದ್ದವರು ಹುಡುಗಿ ಮೊದಲು ಹೋಗುತ್ತಿದ್ದ ಶಾಲೆಯ ಟೀಚರು. ಗುರುತು ಹಿಡಿದರು. ಹೆಸರು ಇನ್ನೂ ನಮ್ಮ ಶಾಲೆಯಲ್ಲೇ ಇದೆಯಲ್ಲ, ಇಲ್ಲಿ ಹೇಗೆ ಬಂದಳು ಎಂದು ಮಲಯಾಳದಲ್ಲಿ ಕೇಳಿದರು. ಹೋಂಸ್ಕೂಲ್, ನನ್ನ ಮಗಳ ಹಾಗೆಯೇ, ಎಂದೆ. ನನ್ನ ದನಿಯಲ್ಲಿ ಸ್ವಲ್ಪ ಗತ್ತೂ ಇತ್ತು. ಶಾಲೆ ಬಿಟ್ಟವಳು ಎನ್ನಿಸಿಕೊಳ್ಳುವ ಅವಮಾನದಿಂದ ಅವಳನ್ನು ಮೇಲೆತ್ತಿದೆ ಎಂದು ನನ್ನ ಲೆಕ್ಕ.

ಟೀಚರ ಮುಖ ಹಗುರಾಯಿತು. "ಹಾಗಾದರೆ ಒಳ್ಳೆಯದೇ ಆಯಿತು. ತಾಯಿ ಒಂದು ಮಾತು ಹೇಳಿಬಿಡಲಿ, ನಮ್ಮಲ್ಲಿ ಹೆಸರು ತೆಗೆದುಬಿಡುತ್ತೇವೆ. ಎರಡೂ ಕಡೆ ಇರಬಾರದು."

"ತೆಗೀಬ್ಯಾಡಿ," ಎಂದಳು ತಾಯಿ.

ನನ್ನ ಹಿಂದೆ ನಿಂತಿದ್ದವಳು ಮುಂದೆ ಬಂದಳು. "ಇವ್ಳು ಮನೇಲಿ ಓದ್ತಿಲ್ಲ. ಮನೇಲಿ ಇದ್ದಾಳೆ, ಅಷ್ಟೆ. ಸ್ಕೂಲು ಬಿಟ್ಟವ್ಳು ಅಂತಲೇ ಬರ್ಕೊಳ್ಳಿ, ಟೀಚರೇ. ಜೀಪು ಬರ್ಲಿಲ್ಲ, ಅದ್ಕೆ ಬಿಟ್ಳು ಅಂತಾನೂ ಬರೀರಿ."

ಹಾಗೆ ಹೇಳಿದರೆ ಮಧ್ಯಾಹ್ನದ ತಂಡದಲ್ಲಿ ಸೇರಿಸಲಾಗುವುದಿಲ್ಲ, ಬೆಳಗಿನ ತಂಡಗಳ ಆಟ ಆಗಲೇ ಶುರುವಾಗಿದೆ ಎಂದರು ಟೀಚರು. ನಾನು ತಾಯಿಯನ್ನು ಪಕ್ಕಕ್ಕೆ ಎಳೆದೆ. ಇವತ್ತೊಂದು ದಿನ ಸುಮ್ಮನಿರಬಾರದೇ, ಮಗು ಎಷ್ಟು ಆಸೆ ಇಟ್ಟುಕೊಂಡಿದೆ, ಇದೊಂದು ಬರೀ ಹೆಸರು ತಾನೆ ಎಂದೆ.

"ನಿಮ್ಮ ಮಗಳ್ನ ನೀವು ಬಿಡ್ಸಿದ್ದು, ಅಕ್ಕ. ನನ್ನ ಮಗಳಿಗೆ ಬಿಟ್ಟೋಯ್ತು. ಎರಡಕ್ಕೂ ಒಂದೇ ಹೆಸರು ಇಟ್ಟುಬಿಟ್ರೆ ನಾಳೆ ಇವ್ಳಿಗೋಸ್ಕರ ಜೀಪು ಯಾಕೆ ಕಳಿಸ್ತಾರೆ?"

ಹಾಗಾದರೆ ನಮ್ಮ ತಂಡವೂ ಆಡುವುದಿಲ್ಲ ಎಂದು ಟೀಚರ ಕಡೆ ತಿರುಗಿದ್ದೆ. ಆದರೆ ಹುಡುಗಿ ಅಷ್ಟರಲ್ಲಿ ಗಾಡಿಯನ್ನು ನನ್ನ ಮಗಳ ಕೈಗಿಟ್ಟು, "ನೀ ಓಡ್ಸು," ಎಂದಳು. ತಾಯಿಯ ಕಡೆ ನೋಡಲೇ ಇಲ್ಲ.

ಮಧ್ಯಾಹ್ನ ಕಿಟಕಿಯಿಂದ ಬಿಸಿಲು ನೇರ ಟೇಪಿನ ಜಾಡಿದ್ದ ಮೇಜಿನ ಮೇಲೆ ಬಿದ್ದಿತ್ತು. ಗಾಡಿ ಮೊದಲ ತಿರುವು ದಾಟಿತು, ಬಿಸಿಲಿನ ಪಟ್ಟೆ ಬಂದಲ್ಲಿ ಗೆರೆ ತಪ್ಪಿತು. ತಿರುಪನ್ನು ಒಂಚೂರು ತಿರುಗಿಸಿದ್ದರೆ ಸಾಕಿತ್ತು. ಜನರ ನಡುವೆ ಕೂತಿದ್ದ ಹುಡುಗಿ ಥಟ್ಟನೆ ಎದ್ದು ನಿಂತಳು. ಹೊರಗಿನವರು ಸಹಾಯ ಮಾಡುವಂತಿಲ್ಲ ಎಂದು ಯಾರೋ ಹೇಳಿದರು. ಅವಳು ನಿಂತೇ ಇದ್ದಳು, ನನ್ನ ಮಗಳು ಅವಳನ್ನೇ ನೋಡುತ್ತಿದ್ದಳು, ಗಾಡಿ ಮೇಜಿನ ಅಂಚಿಗೆ ಹೋಗಿ ಬಿತ್ತು. ನನಗೆ ಅಳು ಬಂತು. ಗೆಲ್ಲಲಿಲ್ಲ ಎಂದು ಬಂದ ಅಳು ಅದಲ್ಲ.

ಮರಳಿ ಬರುವಾಗ ಜೀಪಿನಲ್ಲಿ, ಕಾಡಿನ ದಾರಿ ಶುರುವಾದ ಮೇಲೆ ಹುಡುಗಿ, "ನಾನು ಸ್ಕೂಲಿಗೆ ಹೋಗಲ್ಲ," ಎಂದಳು.

"ಹೋಗ್ಬ್ಯಾಡ," ಎಂದಳು ತಾಯಿ. "ಹೋಗ್ಬೋದು ಅಂತಾದ್ರೂ ಇರ್ಲಿ."

ಆಮೇಲೆ ಹುಡುಗಿ ಎಷ್ಟೋ ಶನಿವಾರ ಬರಲಿಲ್ಲ. ತಾಯಿ ಪಂಚಾಯತ್ ಆಫೀಸು, ಶಾಲೆ ಎಂದು ಅಲೆಯುತ್ತಿದ್ದಾಳೆ ಎಂಬ ಸುದ್ದಿ ಬರುತ್ತಿತ್ತು. ನಾನೂ ಕೆಲವು ಸಲ ಜೊತೆಗೆ ಹೋದೆ. ಅಲ್ಲಿ ನನ್ನ ಸಿಟ್ಟಿನಿಂದ ಯಾವ ಕೆಲಸವೂ ಆಗಲಿಲ್ಲ. ಅವಳು ಮಾತ್ರ ಹೋದಲ್ಲೆಲ್ಲ ಅದನ್ನೇ ಹೇಳುತ್ತಿದ್ದಳು: ಹೆಸರು ನಿಮ್ಮಲ್ಲಿದೆ, ಮಗು ನನ್ನ ಮನೆಯಲ್ಲಿದೆ, ನಡುವೆ ಜೀಪಿಲ್ಲ.

ಶಾಲೆ ಮತ್ತೆ ತೆರೆದಾಗ ಜೀಪು ಬಂತು. ಮೊದಲ ದಿನ ಹುಡುಗಿ ಹತ್ತಲಿಲ್ಲ. ತಾಯಿ ಬೈಯಲೂ ಇಲ್ಲ, ಪುಸಲಾಯಿಸಲೂ ಇಲ್ಲ. ಅದು ದಿನಾ ಬಂದು ಹಾರ್ನ್ ಹೊಡೆದು ಹೋಗುತ್ತಿತ್ತು. ಒಂದು ಬೆಳಿಗ್ಗೆ ತಾನಾಗಿ ಹೋಗಿ ಕೂತಳಂತೆ. ಮಳೆ ಸುರಿಯುತ್ತಿದ್ದ ಒಂದು ಶನಿವಾರ ಮತ್ತೆ ಗೋದಾಮಿಗೆ ಬಂದಳು. ನನ್ನ ಮಗಳ ಪಕ್ಕ ಕೂತು, ಏನೂ ಆಗಿಲ್ಲವೆಂಬಂತೆ ಸ್ಕ್ರೂಡ್ರೈವರ್ ಕೈಗೆತ್ತಿಕೊಂಡಳು. ಹೋಗಲ್ಲ ಅಂದವಳು ಯಾಕಮ್ಮ ಜೀಪು ಹತ್ತಿದೆ ಎಂದು ಕೇಳಿದೆ.

"ಬ್ಯಾಡ ಅನ್ಸಿದ್ರೆ ಇಳಿಬೋದಲ್ಲ," ಎಂದಳು.

ನನ್ನ ಮಗಳಿಗೆ ಮೊದಲಿನಿಂದಲೂ ಇದ್ದದ್ದು ಆ ಇಳಿಯುವ ಸ್ವಾತಂತ್ರ್ಯ, ಅಷ್ಟೇ.