ಫ್ಯಾನು ಆರಿಸಬೇಡಿ ಎಂದ ಸಾಹೇಬರು

ಆಸ್ಪತ್ರೆಗಳಲ್ಲಿ ನಮ್ಮ ಕಾರ್ಖಾನೆಯ ಟಚ್ ಸ್ಕ್ರೀನುಗಳು ಬೆರಳು ತಗುಲಿದೊಡನೆ ಓಗೊಡುತ್ತಿದ್ದರೆ ಅದಕ್ಕೆ ಕಾರಣ ನಾನು. ಇದರಲ್ಲಿ ಅರ್ಧ ಸುಳ್ಳಿದೆ, ಒಪ್ಪಿಕೊಳ್ಳುತ್ತೇನೆ. ಆ ಅರ್ಧದ ಯಜಮಾನರು ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ಸಾಹೇಬರು. ಈ ವಿದ್ಯೆ ಬಲ್ಲವರು ಅವರ ಹೆಸರು ಕೇಳಿದರೆ ಎದ್ದು ನಿಲ್ಲುತ್ತಾರಂತೆ. ನಾನು ಇಪ್ಪತ್ತಾರು ವರ್ಷ ಅವರ ಪ್ರಯೋಗಶಾಲೆಯ ನೆಲ ಒರೆಸಿದವಳು, ಕೂತದ್ದು ಯಾವಾಗ?

ಗಂಡ ತೀರಿಕೊಂಡ ವರ್ಷ ನಾನು ಕೆಲಸಕ್ಕೆ ಸೇರಿದೆ. ಸಾಹೇಬರು ಅದೇ ವರ್ಷ ಬಂದವರು. ಎಷ್ಟು ತೆಳ್ಳಗಿದ್ದರೆಂದರೆ ಕೋಟು ಒಂದೇ ನಡೆದು ಬರುತ್ತಿದೆ ಎಂದುಕೊಂಡಿದ್ದೆ. ಸೋಪಿನ ನೀರಿಗೆ ಒಡೆದು ಒರಟಾದ ನನ್ನ ಬೆರಳನ್ನು ಯಾವ ಪರದೆಯೂ ಲೆಕ್ಕಕ್ಕಿಡುತ್ತಿರಲಿಲ್ಲ. ಪ್ರಯೋಗಶಾಲೆಯ ಇಂಜಿನಿಯರ್ ಹುಡುಗರು ನಕ್ಕರು, ಸಾಹೇಬರು ನಗಲಿಲ್ಲ. ಈ ಬೆರಳಿಗೆ ಓಗೊಟ್ಟ ಪರದೆ ಯಾರ ಬೆರಳಿಗೂ ಓಗೊಡುತ್ತದೆ ಎಂದರು. ತಮ್ಮ ಕುರ್ಚಿಯಲ್ಲೇ ನನ್ನನ್ನು ಕೂರಿಸಿ, ಪದವಿ ಪಡೆದವರ ಸಾಲಿನ ಕೆಳಗೆ ರಿಜಿಸ್ಟರಿನಲ್ಲಿ ನನ್ನ ಹೆಸರನ್ನೂ ಪರೀಕ್ಷಕಿ ಎಂದು ಬರೆದರು. ಮನೆಗೆ ಹೋಗುವಷ್ಟರಲ್ಲಿ ನಾನೇ ಇಂಜಿನಿಯರ್ ಆಗಿಬಿಟ್ಟಿದ್ದೆ.

ಅವರಿಗೆ ನಾನಿಟ್ಟ ಹೆಸರು 'ಶ್ಶ್ ಸಾಹೇಬರು'. ಗಾಜಿನ ಕೆಳಗೆ ಕಣ್ಣಿಗೆ ಕಾಣದಷ್ಟು ತೆಳ್ಳನೆಯ ತಂತಿಗಳಿರುತ್ತವೆ. ನಿನ್ನ ಮೇಲೆ ಬೆರಳಿದೆಯೇ ಎಂದು ಯಂತ್ರ ಒಂದೊಂದನ್ನೇ ಕೇಳುತ್ತ ಹೋಗುತ್ತದೆ. ಪಕ್ಕದಲ್ಲಿ ಚಾರ್ಜರೋ ಮೋಟಾರೋ ಇದ್ದರೆ ಆ ಕರೆಂಟಿನ ಗಲಾಟೆಯಲ್ಲಿ ಉತ್ತರ ತಪ್ಪುತ್ತದೆ. ಮತ್ತೆ ಮತ್ತೆ ಕೇಳಿಕೊಂಡರೆ ತಡವಾಗುತ್ತದೆ. ಅವಸರ ಮಾಡಿದರೆ ಯಾರೂ ಮುಟ್ಟದ ಕಡೆಯೂ ಬೆರಳಿದೆ ಎನ್ನುತ್ತದೆ. ಆದ್ದರಿಂದ ದಿನಾ ಮಧ್ಯಾಹ್ನ ಮೂರಕ್ಕೆ ಸಾಹೇಬರು ಶ್ಶ್ ಎಂದೊಡನೆ ದೀಪ, ಫ್ಯಾನು, ಲಿಫ್ಟು ಎಲ್ಲ ಆರಿಸಿ ಪರೀಕ್ಷೆ. ಕರೆಂಟಿಗೂ ನನ್ನ ಮೊಣಕಾಲಿಗೂ ಸಂಬಂಧವಿಲ್ಲದಿದ್ದರೂ ಅದು ಲಟಕ್ಕೆಂದರೆ ಹತ್ತು ತಲೆಗಳು ತಿರುಗುತ್ತಿದ್ದವು. ಆ ಕಿಟಕಿ, ಆ ಬೆವರು, ಆ ನಿಶ್ಶಬ್ದ ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಒಂದು ವರ್ಷ ಆಸ್ಪತ್ರೆಯ ಯಂತ್ರ ಮಾಡುವವರು ನಮ್ಮ ಪರದೆ ನೋಡಲು ಗುರುವಾರ ಬರುವುದೆಂದಾಯಿತು. ಅವರು ಒಪ್ಪದಿದ್ದರೆ ವಿಭಾಗವನ್ನೇ ಮುಚ್ಚಿ ಹತ್ತೊಂಬತ್ತು ಜನರನ್ನು ಮನೆಗೆ ಕಳಿಸುವುದಾಗಿ ನಿರ್ದೇಶಕರು ಸಾಹೇಬರ ಮುಖಕ್ಕೇ ಹೇಳಿದ್ದರು.

ಆ ಸೋಮವಾರ ಮೂರು ಗಂಟೆಯಾದದ್ದು ನನ್ನ ಗಮನಕ್ಕೆ ಬರಲಿಲ್ಲ. ಪಡಸಾಲೆಯಲ್ಲಿ ನೆಲ ಉಜ್ಜುವ ಮಷೀನು ಹಾಕಿದೆ. ಒಳಗೆ ಯಾರೂ ಮುಟ್ಟದ ಪರದೆಯ ಮೇಲೆ ನಲವತ್ತು ಬೆರಳು ಕುಣಿದವಂತೆ. ಹುಡುಗರು ನನ್ನ ಮೇಲೆ ಹರಿಹಾಯ್ದರು. ಕೆಲಸ ಹೋಯಿತೆಂದೇ ತಿಳಿದು, ಹೋಗುವ ಮೊದಲು ಕೇಳಿಬಿಡೋಣವೆಂದು ಕೇಳಿದೆ.

"ಸಾರ್, ಆಸ್ಪತ್ರೇಲೂ ಮೂರು ಗಂಟೆಗೆ ಎಲ್ಲಾ ಆರಿಸಿ ಕೂತ್ಕೋತಾರಾ?"

ಸಾಹೇಬರು ಬೋರಲು ಹಾಕಿದ್ದ ನನ್ನ ಬಕೆಟಿನ ಮೇಲೆ ಕುಸಿದು ಕೂತರು. ಮೆಲ್ಲಗೆ ಹೇಳಿದರು.

"ಅಮ್ಮಾ, ಇಷ್ಟು ವರ್ಷ ನಾವು ಪರದೆ ಮಾಡಿಲ್ಲ. ಪರದೆಗೆ ಒಪ್ಪೋ ಅಂಥ ಕೋಣೆ ಮಾಡಿದೀವಿ."

ಆಮೇಲೆ ಮೇಜಿನ ಖಾನೆಯಿಂದ ಹಳೆಯ ನೋಟ್‌ಬುಕ್ ತೆಗೆದರು. ತಂತಿಗಳನ್ನು ಒಂದೊಂದಾಗಿ ಕೇಳದೆ, ಒಂದೊಂದಕ್ಕೂ ಬೇರೆ ಬೇರೆ ತಾಳ ಕೊಟ್ಟು ಎಲ್ಲವನ್ನೂ ಒಟ್ಟಿಗೆ ಮಾತಾಡಿಸುವ ಉಪಾಯ ಅದರಲ್ಲಿತ್ತು. ಎರಡು ವರ್ಷದ ಹಿಂದೆಯೇ ಬರೆದದ್ದು. ನಿಶ್ಶಬ್ದದ ಕೋಣೆಯಲ್ಲಿ ಹಳೆಯ ವಿಧಾನವೇ ಸಾಕಾಗುತ್ತಿದ್ದರಿಂದ ಇದು ಮೂಲೆಗೆ ಬಿದ್ದಿತ್ತು. ನನ್ನ ಐದು ಮಕ್ಕಳು ಒಟ್ಟಿಗೆ ಕೂಗಿದರೂ ಯಾರ ದನಿ ಯಾವುದೆಂದು ನನಗೆ ತಿಳಿಯುವುದಿಲ್ಲವೇ, ಹಾಗೆಯೇ ಇದು ಎಂದು ವಿವರಿಸಿದರು. ಪಾಳಿಗೆ ಕಾಯದ ಕಾರಣ ಪ್ರತಿ ತಂತಿಯ ಮಾತನ್ನೂ ಹೆಚ್ಚು ಹೊತ್ತು ಕೇಳಬಹುದು, ಆದರೂ ಉತ್ತರ ಬೇಗ ಬರುತ್ತದೆ.

ಮೂರು ದಿನ ಸ್ವಿಚ್ಚುಗಳೆಲ್ಲ ಹಾಕಿಯೇ ಇದ್ದವು. ತಮ್ಮ ತಮ್ಮ ಮನೆಯ ಅತಿ ಕೆಟ್ಟ ಚಾರ್ಜರನ್ನು ತರಬೇಕೆಂದು ಎಲ್ಲರಿಗೂ ಅಪ್ಪಣೆಯಾಯಿತು. ನಾನು ಪರದೆಯ ಸುತ್ತ ಮಷೀನು ಓಡಿಸಿದ್ದೇ ಓಡಿಸಿದ್ದು. ನೆಲ ನೋಡಿಕೊಂಡು ತಲೆ ಬಾಚಬಹುದಿತ್ತು.

ಗುರುವಾರ ಅತಿಥಿಗಳು ಬಂದು ನಿಂತಾಗ ನಮ್ಮ ಹುಡುಗನೊಬ್ಬ ಅಭ್ಯಾಸಬಲದಿಂದ ಫ್ಯಾನಿನ ಸ್ವಿಚ್ಚಿಗೆ ಕೈ ಹಾಕಿದ. ಸಾಹೇಬರು ಅವನ ಕೈ ಹಿಡಿದರು.

"ಆರಿಸಬೇಡಪ್ಪಾ. ಅಮ್ಮಾ, ನಿಮ್ಮ ಮಷೀನೂ ಹಾಕಿ."

ಹಾಕಿದೆ. ಕಿಟಕಿಯ ಗಾಜು ಗದಗುಟ್ಟಿತು. ಅತಿಥಿಗಳ ಮುಖ್ಯಸ್ಥರು ಒಂದು ಅಂಕಿ ಒತ್ತಿದರು. ಬೆರಳೆತ್ತುವ ಮೊದಲೇ ಅಂಕಿ ಬಂತು. ಸರಸರನೆ ಹತ್ತು ಒತ್ತಿದರು. ಹತ್ತೇ ಬಂದವು, ಹನ್ನೊಂದನೆಯದಿಲ್ಲ. ನಾನು ಉಸಿರು ಬಿಟ್ಟದ್ದು ಆಗಲೇ.

ಈಗ ನಿವೃತ್ತರಾದರೂ ಇಂಥವರು ಮನೆಯಲ್ಲಿ ಸುಮ್ಮನೆ ಕೂರಬಾರದು. ಅವರ ಕಣ್ಣು, ಕೈ, ಕಾಲು ನನ್ನ ವಯಸ್ಸು ದಾಟಿಯೂ ಗಟ್ಟಿಯಾಗಿರಲಿ. ಆ ನೋಟ್‌ಬುಕ್ಕಿನ ಉಳಿದ ಹಾಳೆಗಳೂ ತುಂಬಲಿ. ಅವರ ಹೆಂಡತಿಯವರಿಗೆ ತಾಳ್ಮೆ ದೊರೆಯಲಿ, ಅದನ್ನು ನಾನು ಬೇರೆಯಾಗಿ ಕೇಳಿಕೊಳ್ಳುತ್ತೇನೆ.

ಆ ದಿನ ಅತಿಥಿಗಳು ಪರದೆ ಒಪ್ಪಿ, ಸಾಹೇಬರ ಕೈ ಕುಲುಕಿ ಹೊರಟ ಮೇಲೆ ನಿರ್ದೇಶಕರು ಒಬ್ಬರೇ ಹಿಂದುಳಿದರು. ಕೋಟಿನ ಒಳಜೇಬಿನಿಂದ ನಾಲ್ಕಾಗಿ ಮಡಚಿದ, ಟೈಪು ಮಾಡಿದ ಕಾಗದವೊಂದನ್ನು ತೆಗೆದು, ಅತ್ತ ಇತ್ತ ನೋಡಿ, ನನ್ನ ಬಳಿ ಬಂದು ಸಣ್ಣ ದನಿಯಲ್ಲಿ ಕೇಳಿದರು.

"ಅಮ್ಮಾ, ಕಸದ ಬುಟ್ಟಿ ಎಲ್ಲಿದೆ?"

ನನಗೆ ಓದು ಅಷ್ಟಕ್ಕಷ್ಟೆ, ಎಣಿಸಲು ಮಾತ್ರ ಬರುತ್ತದೆ. ಹೆಸರುಗಳ ಸಾಲು ಹತ್ತೊಂಬತ್ತಿದ್ದವು. ಅದರಲ್ಲಿ ಏನಿತ್ತೆಂದು ನೀವೇ ಊಹಿಸಿ.