ದೊಡ್ಡ ಕಾರ್ಡು ಹಾಕಿಸಿದ ಬೇಸಿಗೆ

ಆಗೆಲ್ಲ ನಮ್ಮ ಹಿರಿಯೂರಿನ ಕಡೆ ತಾಳಿ ಕಟ್ಟಿದ ಮಾತ್ರಕ್ಕೆ ಮದುವೆ ಮುಗಿಯುತ್ತಿರಲಿಲ್ಲ. ಮದುವೆಯ ಸಿ.ಡಿ. ಮನೆಗೆ ಬರಬೇಕು, ಬೀಗರನ್ನು ಕರೆಸಬೇಕು, ಟಿ.ವಿ. ಮುಂದೆ ಚಾಪೆ ಹಾಸಿ, ಮಂಡಕ್ಕಿ ಮೆಣಸಿನಕಾಯಿ ಹಂಚಿ, ಎಲ್ಲರೂ ಕೂತು ನೋಡಬೇಕು. ಉಡುಗೊರೆ ಕೊಟ್ಟು ಮುಯ್ಯಿ ಮಾಡಿದವರಲ್ಲಿ ಒಬ್ಬರ ಮುಖ ಕಾಣದಿದ್ದರೂ ಕಥೆ ಮುಗಿಯಿತು. "ನಾವೇನು ಲಗ್ನಕ್ಕೆ ಬಂದಿರ್ಲಿಲ್ವಾ? ನಮ್ಮ ಸೀರೆ ಏನು ಬೀದೀಲಿ ಸಿಕ್ಕಿದ್ದಾ?" ಎಂದು ವರ್ಷಗಟ್ಟಲೆ ಮುಖ ಊದಿಸಿಕೊಂಡವರನ್ನು ನಾನೇ ಕಂಡಿದ್ದೇನೆ. ನಿಮ್ಮ ಮನೆಯಲ್ಲೂ ಅಂಥ ಒಬ್ಬ ಅತ್ತೆ ಇದ್ದೇ ಇರುತ್ತಾಳೆ.

ಅಂಥ ಸಿ.ಡಿ.ಗಳು ನಮ್ಮ ಮನೆಯಲ್ಲಿ ತಯಾರಾಗುತ್ತಿದ್ದವು. ಅಪ್ಪ ಮದುವೆಗಳಲ್ಲಿ ವಿಡಿಯೋ ತೆಗೆಯುತ್ತಿದ್ದ. ಅವ್ವ ನಡುಮನೆಯ ಕಂಪ್ಯೂಟರಿನಲ್ಲಿ ಮಿಕ್ಸಿಂಗ್ ಮಾಡುತ್ತಿದ್ದಳು. ಬೇಡದ್ದನ್ನು ಕತ್ತರಿಸುವುದು, ಬೇಕಾದ್ದನ್ನು ಜೋಡಿಸುವುದು, ಹಾಡು ಹಾಕುವುದು, ಮಾರಿಕಣಿವೆ ಅಣೆಕಟ್ಟಿನ ಹತ್ತಿರ ಕೈ ಕೈ ಹಿಡಿದು ನಿಂತ ಮದುಮಕ್ಕಳ ತಲೆ ಮೇಲೆ ಗುಲಾಬಿ ದಳ ಉದುರಿಸುವುದು, ಎಲ್ಲ ಸೇರಿ ಮಿಕ್ಸಿಂಗ್. ಎಸ್ಸೆಸ್ಸೆಲ್ಸಿಗೆ ಓದು ನಿಲ್ಲಿಸಿದ್ದ ಅವ್ವ ಇದನ್ನು ಯಾರ ಹತ್ತಿರವೂ ಹೋಗಿ ಕಲಿತವಳಲ್ಲ. ಒತ್ತಿ ನೋಡಿ, ಕೆಡಿಸಿ, ಅಪ್ಪನ ಕೈಲಿ ಬೈಸಿಕೊಂಡು ಕಲಿತಳು. ಊರಲ್ಲಿ ಅಪ್ಪ 'ವಿಡಿಯೋ ಮಂಜಣ್ಣ' ಎಂದೇ ಪ್ರಸಿದ್ಧ. ಅವ್ವನ ಹೆಸರು ಕಮಲಮ್ಮ ಎಂಬುದು ನಮ್ಮ ಓಣಿ ದಾಟಿದರೆ ಯಾರಿಗೂ ಗೊತ್ತಿರಲಿಲ್ಲ.

ನಾನು ಏಳನೇ ಕ್ಲಾಸು ಮುಗಿಸಿದ ಬೇಸಿಗೆ ಅದು. ಮದುವೆಗಳು ಒಂದರ ಮೇಲೊಂದು. ಹಿರಿಯೂರಿನ ಬಿಸಿಲು ನಿಮಗೆ ಗೊತ್ತಲ್ಲ, ಗೋಡೆ ಮುಟ್ಟಿದರೂ ಕೈ ಸುಡುತ್ತದೆ. ಮನೆಯಲ್ಲಿದ್ದದ್ದು ಒಂದೇ ಟೇಬಲ್ ಫ್ಯಾನು. ಅದೂ ಕಂಪ್ಯೂಟರಿಗೆ! ಡಬ್ಬಿಯ ಒಂದು ಕಡೆಯ ತಗಡು ಬಿಚ್ಚಿ, ಒಳಕ್ಕೆ ಗಾಳಿ ಬೀಸುವಂತೆ ಫ್ಯಾನು ಇಟ್ಟು, ನಾವು ಹಳೆಯ ಲಗ್ನಪತ್ರಿಕೆಗಳಿಂದ ಗಾಳಿ ಹಾಕಿಕೊಳ್ಳುತ್ತಿದ್ದೆವು. ಬಿಸಿಯಾದ ಪ್ಲಾಸ್ಟಿಕ್ಕು, ಧೂಳು, ಅಜ್ಜಿ ದಿನಾ ಅದರ ಮುಂದೆ ಹಚ್ಚುತ್ತಿದ್ದ ಊದಿನಕಡ್ಡಿ ಸೇರಿ ನಡುಮನೆಗೆ ಒಂದು ವಾಸನೆ ಬಂದಿತ್ತು. ಇವತ್ತಿಗೂ ಯಾವುದಾದರೂ ಅಂಗಡಿಯಲ್ಲಿ ಅದು ಮೂಗಿಗೆ ಬಡಿದರೆ ನನಗೆ ರಜಾ ಬಂತು ಅನ್ನಿಸುತ್ತದೆ.

ಕುಂಟಬಿಲ್ಲೆ ಆಡಿ ಕಾಲು ಸುಟ್ಟುಕೊಂಡು ಬಂದರೆ ನೀರುಮಜ್ಜಿಗೆ ಕುಡಿದು ಅವ್ವನ ಪಕ್ಕ ಸ್ಟೂಲಿನ ಮೇಲೆ ಕೂರುತ್ತಿದ್ದೆ. ಕೆಲಸ ಬೇಗ ಸಾಗಿದ ದಿನ ಅವ್ವ ನನಗಾಗಿ ಊಟದ ಪಂಕ್ತಿಯನ್ನು ಹಿಂದುಮುಂದಾಗಿ ಓಡಿಸುತ್ತಿದ್ದಳು. ದಪ್ಪ ಮೀಸೆಯ ಗೌಡರು ಬಾಯಿಂದ ಇಡೀ ಹೋಳಿಗೆ ತೆಗೆದು ಎಲೆ ಮೇಲೆ ಇಡುವರು. ಬಡಿಸುವವನು ಅದನ್ನು ಎತ್ತಿಕೊಂಡು ಹಿಂದಕ್ಕೆ ನಡೆಯುವನು. ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. "ಸಾಕು ಕಣೇ, ಅನ್ನ ತಿಂಬೋರನ್ನ ಆಡ್ಕಾಬಾರ್ದು" ಎಂದು ಅವ್ವ ತಾನೇ ಇನ್ನೊಂದು ಸಲ ಓಡಿಸುತ್ತಿದ್ದಳು.

ಕತ್ತರಿಸುವುದರಲ್ಲಿ ಮಾತ್ರ ಅವ್ವ ಬಲು ಬಿಗಿ. ಅಳು ಇರಲಿ, ಜಗಳ ಬೇಡ. ನಗು ಇರಲಿ, ಬಾಯಿ ತೆರೆದು ಜಗಿಯುವುದು ಬೇಡ. "ಮುಂದೆ ಮೊಮ್ಮಕ್ಕಳು ನೋಡ್ತಾವೆ" ಎನ್ನುತ್ತಿದ್ದಳು. ಅವಳು ಉಳಿಸಿದ್ದಷ್ಟೇ ಆ ಮದುವೆ. ಯಾಕೆಂದರೆ ಕ್ಯಾಮೆರಾದ ಮೆಮೊರಿ ಚಿಪ್ಪಿನಲ್ಲಿದ್ದದ್ದನ್ನು ಕಂಪ್ಯೂಟರಿಗೆ ಇಳಿಸಿದ ಕೂಡಲೇ ಅಪ್ಪ ಅದನ್ನು ಅಳಿಸಿ, ಚಿಪ್ಪನ್ನು ಇನ್ನೊಂದು ಮದುವೆಗೆ ಒಯ್ಯುತ್ತಿದ್ದ. ಆಮೇಲೆ ಇಡೀ ಮದುವೆ ಇರುತ್ತಿದ್ದುದು ನಮ್ಮ ಆ ಒಂದು ಹಾರ್ಡ್ ಡಿಸ್ಕಿನಲ್ಲಿ ಮಾತ್ರ.

ಆ ವೈಶಾಖದಲ್ಲಿ ಬಬ್ಬೂರಿನ ಗಿರಿಜಕ್ಕನ ಮಗಳ ಮದುವೆ ಆಯಿತು. ವಿಡಿಯೋ ನಮ್ಮದೇ. ಹದಿನೈದು ದಿನ ಆಗಿರಬೇಕು, ಗಿರಿಜಕ್ಕನ ತಮ್ಮ ನಮ್ಮ ಮನೆಗೆ ಬಂದ. ಚಪ್ಪಲಿ ಕೂಡ ಬಿಡದೆ ಹೊಸ್ತಿಲಲ್ಲೇ ನಿಂತ.

"ಬರ್ರಿ, ಕುಂತ್ಕಳ್ರಿ" ಎಂದ ಅಪ್ಪ.

"ಕುಂತ್ಕಳ್ಳಲ್ಲ ಮಂಜಣ್ಣ. ಭಾವಾರು ಹೋಗ್ಬಿಟ್ರು. ತ್ವಾಟದಾಗೆ ಎದೆ ಹಿಡ್ಕಂಡು ಬಿದ್ದೋರು ಏಳ್ಲಿಲ್ಲ. ಅಕ್ಕ ಸರಿಯಾಗಿ ಊಟ ಮಾಡ್ದೆ ಕುಂತವಳೆ. ಸಿ.ಡಿ. ಬೇಕಂತೆ. ಅವ್ರನ್ನ ನೋಡ್ಬೇಕಂತೆ."

ಗಿರಿಜಕ್ಕನ ಗಂಡ ರುದ್ರಣ್ಣ. ಮಗಳ ಮದುವೆಯಲ್ಲಿ ಕೆಳಗೆ ಜಾರುವ ಶಲ್ಯವನ್ನು ಮೇಲೆ ಎಳೆದುಕೊಳ್ಳುತ್ತ, "ಏ ಬರ್ರಪ್ಪಾ, ಎಲೆ ಹಾಕೈತೆ!" ಎಂದು ಕಂಡಕಂಡವರನ್ನು ಊಟಕ್ಕೆ ಎಬ್ಬಿಸುತ್ತಿದ್ದ ಮನುಷ್ಯ. ಅವತ್ತೇ ಅವ್ವ ಉಳಿದ ಮದುವೆಗಳನ್ನೆಲ್ಲ ಪಕ್ಕಕ್ಕಿಟ್ಟು ಅದನ್ನು ತೆಗೆದಳು. ನಾನು ಪಕ್ಕದಲ್ಲಿದ್ದೆ.

ಮುಯ್ಯಿ ಮಾಡುವ ಹೊತ್ತಿಗೆ ಅಪ್ಪ ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಹಾಕಿ ಊಟಕ್ಕೆ ಹೋಗುವುದು ರೂಢಿ. ಅದು ತನ್ನ ಪಾಡಿಗೆ ನೋಡುತ್ತಿತ್ತು. ಮಂಟಪದ ಮೇಲೆ ಮದುಮಕ್ಕಳು, ಅವರ ಪಕ್ಕ ಈ ಕಡೆಗೆ ಬೆನ್ನು ಮಾಡಿ ಸೀರೆ, ಪಾತ್ರೆ ಇಸಿದುಕೊಳ್ಳುತ್ತಿದ್ದ ಗಿರಿಜಕ್ಕ. ಚಿತ್ರದ ಅಂಚಿನಲ್ಲಿ ಚಪ್ಪರದ ಬಿದಿರಿನ ಗಳು. ಆ ಗಳುವಿನ ಪಕ್ಕ ಒಂದು ಕಬ್ಬಿಣದ ಕುರ್ಚಿ. ಅದರ ಮೇಲೆ ರುದ್ರಣ್ಣ ಕೂತಿದ್ದರು. ಬಲಗೈ ಎದೆಯ ಮೇಲೆ. ಓಡಿಹೋಗುತ್ತಿದ್ದ ಹುಡುಗನೊಬ್ಬನನ್ನು ಇನ್ನೊಂದು ಕೈಯಿಂದ ಕರೆದರು, ಅವನು ನೋಡಲಿಲ್ಲ. ಬಕೆಟ್ಟು ಹಿಡಿದವನೊಬ್ಬ ಮುಂದೆಯೇ ಹಾದುಹೋದ. ಅವರ ತುಟಿ ಆಡಿತು. ಓಲಗದ ಸದ್ದಿನಲ್ಲಿ ಏನೂ ಕೇಳಿಸಲಿಲ್ಲ. ಬಹಳ ಹೊತ್ತು ಹಾಗೇ ಇದ್ದು, ಆಮೇಲೆ ಗಳು ಹಿಡಿದು ಎದ್ದು, ಶಲ್ಯ ಸರಿಮಾಡಿಕೊಂಡು ಚಿತ್ರದಿಂದ ಆಚೆ ಹೋದರು. ಅಷ್ಟು ಹೊತ್ತೂ ಆ ಕುರ್ಚಿಯ ಹತ್ತಿರ ಒಂದು ನರಪಿಳ್ಳೆಯೂ ಬರಲಿಲ್ಲ.

ಅವ್ವ ಚಿತ್ರ ನಿಲ್ಲಿಸಿದಳು. "ಇದು ಗಿರಿಜಕ್ಕನ ಕಣ್ಣಿಗೆ ಬೀಳಬಾರ್ದು ಪುಟ್ಟಿ" ಎಂದಳು. ಅವಳ ದನಿ ಕೇಳಿ ನನಗೆ ಹೆದರಿಕೆಯಾಯಿತು.

ಆದರೆ ಕತ್ತರಿಸಲು ಕಂಪ್ಯೂಟರು ಬಿಡಬೇಕಲ್ಲ! ಕೆಲವು ದಿನಗಳಿಂದ ಅದು ಹಟ ಹಿಡಿದಿತ್ತು. ಪರದೆಯ ತುಂಬ ಹಸಿರು ಗೆರೆ, ಸ್ವಲ್ಪ ಹೊತ್ತಿಗೆ ಎಲ್ಲ ಕಪ್ಪು. ನೆಹರೂ ಮೈದಾನದ ಹತ್ತಿರ ರಿಪೇರಿ ಅಂಗಡಿ ಇಟ್ಟಿದ್ದ ತಿಪ್ಪೇಶಣ್ಣ ಬಂದು, ಒಳಗೆ ಟಾರ್ಚು ಬಿಟ್ಟು, ಅಂಗೈಯಗಲದ ಒಂದು ಹಲಗೆ ಕಿತ್ತು ತೋರಿಸಿದ. ಪರದೆಗೆ ಚಿತ್ರ ಕಳಿಸುವ ಗ್ರಾಫಿಕ್ಸ್ ಕಾರ್ಡು. ಅದರ ಪುಟ್ಟ ಫ್ಯಾನಿಗೆ ಧೂಳು ಮೆತ್ತಿ ತಿರುಗುವುದನ್ನೇ ಮರೆತಿತ್ತು.

"ಇದರ ಆಯಸ್ಸು ಮುಗೀತು ಅಕ್ಕ. ಬ್ಯಾರೆ ಹಾಕ್ಬೇಕು. ಆದ್ರೆ ನಿಮ್ಮ ಮಿಷನ್ನೇ ಹಳೇದು. ದೊಡ್ಡ ಕಾರ್ಡು ಹಾಕಿದ್ರೆ ಅದು ಹೊಟ್ಟೆಬಾಕ, ಕರೆಂಟು ಜಾಸ್ತಿ ತಿಂತೈತೆ. ಕರೆಂಟು ಕೊಡೋ ಈ ಪವರ್ ಡಬ್ಬಿ ತಡಿಯಲ್ಲ. ಸಣ್ಣದೇ ಹಾಕ್ಸ್ರಿ. ಉಳಿದ ದುಡ್ಡಿಗೆ ಇನ್ನೊಂದು ಡಿಸ್ಕು ತಗಂಡು ಎಲ್ಲಾ ಕಾಪಿ ಮಾಡಿಟ್ಕಳ್ರಿ."

"ಸರಿಯಾಗಿ ಹೇಳ್ದ ನೋಡು" ಎಂದ ಅಪ್ಪ.

ಅವ್ವ ಒಪ್ಪಲಿಲ್ಲ. ಬಸ್ ಸ್ಟ್ಯಾಂಡಿನ ಎದುರು ಹೊಸದಾಗಿ ಬಂದಿದ್ದ ಸ್ಟುಡಿಯೋದವರು ಮದುಮಕ್ಕಳ ಹೆಸರನ್ನು ಬಂಗಾರದ ಅಕ್ಷರದಲ್ಲಿ ಗಿರಗಿರ ತಿರುಗಿಸಿ ತೋರಿಸುತ್ತಿದ್ದರು. ನಮ್ಮ ಮೂರು ಮದುವೆಗಳು ಆಗಲೇ ಆ ಕಡೆ ಹೋಗಿದ್ದವು. ಅಂಥ ಆಟ ದೊಡ್ಡ ಕಾರ್ಡಿಗೆ ಮಾತ್ರ ಸಾಧ್ಯ ಎಂದು ಅವ್ವ ಎಲ್ಲಿಯೋ ತಿಳಿದುಕೊಂಡಿದ್ದಳು.

"ಡಿಸ್ಕು ಯಾರ ಕಣ್ಣಿಗೆ ಕಾಣ್ತೈತ್ರಿ? ಜನ ನೋಡೋದು ಪರದೆ ಮ್ಯಾಲಿಂದು. ಈ ಸೀಸನ್ ಬಿಟ್ರೆ ನಮ್ಮನ್ನ ಯಾರೂ ಕರಿಯಲ್ಲ."

ಅಜ್ಜಿ ಒಳಗಿಂದಲೇ, "ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು ಅಂದಂಗಾತು!" ಎಂದಳು.

"ಈ ಜುಟ್ಟಿನಿಂದಲೇ ಹಿಟ್ಟು ಬರ್ತಿರೋದು ಅತ್ತೆ" ಎಂದಳು ಅವ್ವ. ಅವಳು ಅಜ್ಜಿಗೆ ಎದುರಾಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಅಪ್ಪ ತಲೆ ಕೆರೆದುಕೊಂಡ. ಆ ಕಂಪ್ಯೂಟರಿನ ಮುಂದೆ ಕೂತು ಅವಳ ಬೆನ್ನು ಬಾಗಿದ್ದು ಅವನಿಗೂ ಗೊತ್ತಿತ್ತು. "ಆತು, ತರಾಣ ಬಿಡು" ಎಂದ. ಪವರ್ ಡಬ್ಬಿಯನ್ನು ಮುಂದಿನ ಮದುವೆಯ ಅಡ್ವಾನ್ಸು ಬಂದ ಮೇಲೆ ಬದಲಾಯಿಸುವುದೆಂದು ಮಾತಾಯಿತು.

ಚಿತ್ರದುರ್ಗದಿಂದ ತರಿಸಿದ ಆ ಕಾರ್ಡು ಇಟ್ಟಿಗೆಯಷ್ಟು ಭಾರ, ಎರಡು ಫ್ಯಾನು. ಅಜ್ಜಿ ಬೈಯುವುದನ್ನು ಮರೆತು ವಿಭೂತಿ ಬಟ್ಟಲು ತಂದಳು. "ಮ್ಯಾಲೆ ಹಚ್ರಿ ಅಜ್ಜಿ, ಒಳಗೆ ಬ್ಯಾಡ" ಎಂದು ತಿಪ್ಪೇಶಣ್ಣ ಕೈ ಅಡ್ಡ ಹಿಡಿದ. ಕಾಯಿ ಒಡೆದು ಸ್ವಿಚ್ಚು ಒತ್ತಿದರೆ, ಅಬ್ಬಬ್ಬಾ, ಗೆರೆಯಿಲ್ಲ, ತಡೆಯಿಲ್ಲ, ಚಿತ್ರ ನೀರಿನ ಹಾಗೆ ಹರಿಯಿತು. ಅವ್ವ ಮೊದಲು ರುದ್ರಣ್ಣನ ಮಗಳ ಹೆಸರನ್ನೇ ಬಂಗಾರದ ಅಕ್ಷರದಲ್ಲಿ ತಿರುಗಿಸಿದಳು. ಅವಳ ಮುಖ ಎಷ್ಟು ಚೆನ್ನಾಗಿತ್ತು ಆಗ!

ಎರಡು ದಿನ ಅಷ್ಟೇ, ಸಿ.ಡಿ. ಕೆಲಸ ಇನ್ನೂ ಅರ್ಧವೂ ಆಗಿರಲಿಲ್ಲ. ಮೂರನೇ ದಿನ ಮಧ್ಯಾಹ್ನ ನಾವು ಮುದ್ದೆ ಉಣ್ಣುತ್ತಿದ್ದೆವು. ಕರೆಂಟು ಮಿಣಮಿಣ ಎಂದು ಒಮ್ಮೆಲೇ ಜೋರಾಗಿ ಬಂತು. ನಡುಮನೆಯಲ್ಲಿ ಪಟಾಕಿ ಹೊಡೆದ ಹಾಗೆ ಸದ್ದು. ಹೋಗಿ ನೋಡಿದರೆ ಡಬ್ಬಿಯ ಹಿಂದಿನಿಂದ ಹೊಗೆ. ಅವ್ವ ಎಂಜಲು ಕೈಯಲ್ಲೇ ವೈರು ಕಿತ್ತಳು.

ಪವರ್ ಡಬ್ಬಿ ಸುಟ್ಟಿತ್ತು. ತಾನು ಹೋಗುವಾಗ ಡಿಸ್ಕನ್ನೂ ಕರೆದುಕೊಂಡು ಹೋಗಿತ್ತು. ತಿಪ್ಪೇಶಣ್ಣ ಅದನ್ನು ದುರ್ಗಕ್ಕೂ ಒಯ್ದು ತೋರಿಸಿ ತಂದ. "ಎದ್ದೇಳಲ್ಲ ಅಕ್ಕ. ಕಾರ್ಡಿಗೆ ಮಾತ್ರ ಏನೂ ಆಗಿಲ್ಲ ನೋಡ್ರಿ, ಹೊಸದಿದ್ದಂಗೈತೆ" ಎಂದು ಮೇಜಿನ ಮೇಲಿಟ್ಟ. 'ನಾ ಹೇಳಿರ್ಲಿಲ್ವಾ' ಎಂದು ಅವನು ಅನ್ನಲಿಲ್ಲ, ಪುಣ್ಯಾತ್ಮ. ಅಪ್ಪನೂ ಅನ್ನಲಿಲ್ಲ. ಎಲ್ಲಕ್ಕಿಂತ ಸಂಕಟವೆಂದರೆ ಅಜ್ಜಿ ಕೂಡ ಅನ್ನಲಿಲ್ಲ. ಯಾರಾದರೂ ಬೈದಿದ್ದರೆ ಅವ್ವ ಅತ್ತಾದರೂ ಅತ್ತಿರುತ್ತಿದ್ದಳು.

ಉಳಿದ ಮದುವೆಯವರಿಗೆ ಅಪ್ಪ ಕೈಮುಗಿದು, ಅಡ್ವಾನ್ಸು ಹಿಂದಿರುಗಿಸಿ ಬಂದ. "ಗಿರಿಜಕ್ಕನಿಗೆ ನಾನೇ ಹೇಳ್ತೀನಿ" ಎಂದಳು ಅವ್ವ. ನನ್ನನ್ನು ಕರೆದುಕೊಂಡು ಆಟೋ ಹತ್ತಿದಳು. ದಾರಿಯುದ್ದಕ್ಕೂ ನನ್ನ ಕೈ ಬಿಡಲಿಲ್ಲ.

ಗಿರಿಜಕ್ಕ ಗೋಡೆಗೆ ಒರಗಿ ಕೂತಿದ್ದಳು. ಬಾಗಿಲಿಗೆ ಮದುವೆಯ ತೋರಣ ಒಣಗಿ ಹಾಗೇ ಇತ್ತು. ಅವ್ವ ಕೂರಲೂ ಇಲ್ಲ. ತನ್ನ ಹೆಸರು ತಿಳಿಸಿ, ಇದ್ದದ್ದು ಇದ್ದ ಹಾಗೆ ಹೇಳಿದಳು. ತಾನೇ ದೊಡ್ಡ ಕಾರ್ಡಿಗೆ ಆಸೆಪಟ್ಟದ್ದು, ಸುಟ್ಟದ್ದು, ಒಂದು ಚಿತ್ರವೂ ಉಳಿಯದ್ದು. ಗಿರಿಜಕ್ಕ ಬಯ್ಯುತ್ತಾಳೆಂದು ನಾನು ಅವ್ವನ ಸೆರಗಿನ ಹಿಂದೆ ನಿಂತೆ. ಅವಳು ಬಯ್ಯಲಿಲ್ಲ. ಅವ್ವನ ಕಡೆಗೆ ತಿರುಗಿ ಕೇಳಿದಳು:

"ನೀನು ಎಲ್ಲಾ ನೋಡಿದ್ದೇನಮ್ಮ?"

"ನೋಡೀನಿ ಅಕ್ಕ."

"ಅದ್ರಾಗೆ ನಮ್ಮೆಜಮಾನ್ರು ಇದ್ರಾ? ಹೆಂಗಿದ್ರು?"

ಅವ್ವ ಅವಳ ಪಕ್ಕ ನೆಲದ ಮೇಲೆ ಕೂತು ಹೇಳತೊಡಗಿದಳು. ಶಲ್ಯ ಜಾರಿದ್ದು, ಅದನ್ನು ಎಳೆದುಕೊಂಡದ್ದು, "ಎಲೆ ಹಾಕೈತೆ" ಎಂದು ಕೂಗಿದ್ದು, ಬೀಗರ ಮಗುವನ್ನು ಎತ್ತಿಕೊಂಡು ಬಾಯಿಗೆ ಹೋಳಿಗೆ ಇಟ್ಟದ್ದು, ಧಾರೆಯ ಹೊತ್ತಿನಲ್ಲಿ ಕಣ್ಣೊರೆಸಿಕೊಂಡು ಯಾರಾದರೂ ನೋಡಿದರೇನೋ ಎಂದು ಆಚೀಚೆ ನೋಡಿದ್ದು. ಒಂದೊಂದು ಚಿತ್ರವೂ ಅವಳ ತಲೆಯಲ್ಲಿತ್ತು. ಗಿರಿಜಕ್ಕ ಕಣ್ಣು ಮುಚ್ಚಿಕೊಂಡು ಕೇಳಿದಳು, ಒಂದೆರಡು ಕಡೆ ನಕ್ಕಳು ಕೂಡ. ಆಮೇಲೆ ಕಣ್ಣು ಬಿಟ್ಟು ಕೇಳಿದಳು:

"ಎಲ್ಲೂ ಕುಂತಿರ್ಲಿಲ್ವಾ ಅವ್ರು?"

ಅವ್ವ ನನ್ನ ಕಡೆ ನೋಡಿದಳು. ಗಿರಿಜಕ್ಕನೇ ಮುಂದುವರಿಸಿದಳು:

"ಬೆಳಿಗ್ಗೆನೇ ಎದೆ ಹಿಡ್ಕಂಡಂಗಾಗ್ತೈತೆ ಕಣೇ ಅಂದಿದ್ರು. ಲಗ್ನದ ಮನೇಲಿ ಅಪಶಕುನದ ಮಾತಾಡ್ಬ್ಯಾಡ್ರಿ, ಹೋಗಿ ಬೀಗ್ರನ್ನ ಮಾತಾಡಿಸ್ರಿ ಅಂದೆ ನಾನು. ಆಮೇಲೆ ಅವ್ರನ್ನ ನೋಡಿದ್ನೋ ಇಲ್ವೋ, ಗ್ಯಾನನೇ ಇಲ್ಲ. ಒಂದು ದಪನಾದ್ರೂ ಹತ್ರ ಹೋಗಿ, ಹೆಂಗೈತ್ರಿ ಅಂತ ಕೇಳಿದ್ನಾ ಅಂತ ನೋಡ್ಬೇಕಿತ್ತು ಕಮಲಮ್ಮ. ಅದಕ್ಕೇ ಸಿ.ಡಿ. ಕೇಳಿದ್ದು ನಾನು."

"ಕೇಳಿದ್ರಲ್ಲ ಅಕ್ಕ" ಎಂದಳು ಅವ್ವ. "ಮುಯ್ಯಿ ಮಾಡುವಾಗ ಗಳುವಿನ ಪಕ್ಕ ಕುರ್ಚಿ ಮ್ಯಾಲೆ ಕುಂತಿದ್ರು. ನೀವು ಮಂಟಪದಿಂದ ಇಳಿದು ಹೋಗಿ ಸ್ಟೀಲ್ ಲೋಟದಾಗೆ ನೀರು ಕೊಟ್ರಿ. ಕುಡಿದು ಎದ್ದೋದ್ರು."

"ನಾನು ಕೊಟ್ನಾ?"

"ನೀವೇ."

ಗಿರಿಜಕ್ಕ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಅಳತೊಡಗಿದಳು. ಅವತ್ತು ಸಂಜೆ ಅವಳು ಹೊಟ್ಟೆ ತುಂಬ ಅನ್ನ ಉಂಡಳೆಂದು ತಮ್ಮ ಬಂದು ಹೇಳಿದ. ಆಮೇಲೆ ಸಂತೆಗೆ ಬಂದಾಗಲೆಲ್ಲ ನಮ್ಮ ಮನೆಗೆ ಬಂದು, ಸೊಪ್ಪಿನ ಚೀಲ ಪಕ್ಕಕ್ಕಿಟ್ಟು, "ಆ ನೀರು ಕೊಟ್ಟಿದ್ದು ಇನ್ನೊಂದ್ಸಲ ಹೇಳು ಕಮಲಮ್ಮ" ಎನ್ನುವಳು. ಅವ್ವ ಹೇಳುವಳು. ಮಿಕ್ಸಿಂಗನ್ನು ಅವ್ವ ಮತ್ತೆ ಮಾಡಲಿಲ್ಲ. ಅಪ್ಪ ಆ ಸ್ಟುಡಿಯೋದವರ ಹತ್ತಿರವೇ ಕ್ಯಾಮೆರಾ ಹಿಡಿಯಲು ಸೇರಿದ.

ನನ್ನನ್ನು ಹೊಳಲ್ಕೆರೆಗೆ ಕೊಟ್ಟಿದ್ದಾರೆ. ಮೊನ್ನೆ ಮೈದುನ ಬಂದು, "ಅತ್ತಿಗೆ, ನನ್ನ ಹಳೇ ಕಂಪ್ಯೂಟರಿಗೆ ಗ್ರಾಫಿಕ್ಸ್ ಕಾರ್ಡು ಹಾಕಿಸ್ಲಾ? ದುಡ್ಡು ದಂಡ ಆಗುತ್ತಾ?" ಎಂದ. ಮೊದಲು ಪವರ್ ಡಬ್ಬಿ ನೋಡಿಸು, ಇರುವುದನ್ನೆಲ್ಲ ಇನ್ನೊಂದು ಕಡೆ ಇಳಿಸಿಡು, ಆಮೇಲೆ ಆಸೆ ಪಡು ಎಂದೆ. ಅವನು ನಕ್ಕ. ಈಗ ಎಲ್ಲ ತಾನಾಗಿಯೇ ಎಲ್ಲಿಯೋ ಉಳಿಯುತ್ತದಂತೆ. ನಿಜವಿರಬೇಕು. ಚಾಪೆ ಹಾಸಿ ಕೂತು ನೋಡುವವರು ಇಲ್ಲ, ಮುಖ ಕಾಣಲಿಲ್ಲವೆಂದು ಮುನಿಯುವವರೂ ಇಲ್ಲ. ಕುರ್ಚಿಯೂ ಉಳಿಯುತ್ತದೆ, ಎದೆ ಮೇಲಿನ ಕೈಯೂ ಉಳಿಯುತ್ತದೆ, ಒಂದು ಲೋಟ ನೀರು ಕೊಡಲು ಮಾತ್ರ ಯಾರ ಕೈಲೂ ಆಗುವುದಿಲ್ಲ.

ಅವನ ಮಾತಿನ ನೆಪದಲ್ಲಿ ಅವ್ವನಿಗೆ ಫೋನು ಮಾಡಿದಾಗ, ಇಷ್ಟು ವರ್ಷ ಕೇಳದ್ದನ್ನು ಕೇಳಿಯೇಬಿಟ್ಟೆ. "ಅವತ್ತು ಗಿರಿಜಕ್ಕನಿಗೆ ಹೆಂಗವ್ವ ಅಷ್ಟು ಸಲೀಸಾಗಿ ಸುಳ್ಳು ಹೇಳ್ದೆ?"

"ಯಾವ ಸುಳ್ಳೇ?"

"ಅದೇ, ನೀರು ಕೊಟ್ಟಿದ್ದು."

"ಅಯ್ಯೋ, ಕೊಟ್ಟಿದ್ಲಲ್ಲೇ ಪಾಪ! ನೀನೂ ನನ್ನ ಪಕ್ಕದಾಗೇ ಕುಂತು ನೋಡಿದ್ಯಲ್ಲ" ಎಂದಳು ಅವ್ವ. ಅವಳು ಆಟವಾಡುತ್ತಿರಲಿಲ್ಲ.

ಹಾಗಾದರೆ ರುದ್ರಣ್ಣ ಆ ಕುರ್ಚಿಯ ಮೇಲೆ ಒಬ್ಬರೇ ಕೂತಿದ್ದನ್ನು ಬಲ್ಲವಳು ನಾನೊಬ್ಬಳೇ ಉಳಿದೆ. ಫೋನಿಟ್ಟು, ಕಣ್ಣು ಮುಚ್ಚಿ, ಗಳು, ಕುರ್ಚಿ, ಎದೆ ಮೇಲಿನ ಕೈ ಎಲ್ಲವನ್ನೂ ಒಂದೊಂದಾಗಿ ನೆನೆಸಿಕೊಂಡೆ. ಮಂಟಪದಿಂದ ಗಿರಿಜಕ್ಕ ಇಳಿದು ಬಂದಳು. ಕೈಯಲ್ಲಿ ಸ್ಟೀಲ್ ಲೋಟವಿತ್ತು.