ಮನೆಯವರನ್ನು ಕೇಳಿ ಬರುತ್ತಿದ್ದ ಗುಂಡು ಮೇಷ್ಟ್ರು

ಶಸ್ತ್ರ ತರಬೇತಿಯ ಕ್ಷೇತ್ರದಲ್ಲಿ ಹೆಸರು ಮಾಡಿದವರು ಬಹಳ ಮಂದಿ. ಪದಕ ಗೆದ್ದವರಿದ್ದಾರೆ, ಗೆಲ್ಲುವವರನ್ನು ತಯಾರು ಮಾಡಿದವರಿದ್ದಾರೆ, ಗೆದ್ದವರ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡವರೂ ಇದ್ದಾರೆ. ಈ ಯಾವ ಪಂಗಡಕ್ಕೂ ಸೇರದೆ, ಬಂದೂಕನ್ನು ಯಾರಿಗೆ ಕೊಡಬಾರದು ಎಂಬುದನ್ನೇ ತಮ್ಮ ವಿದ್ಯೆಯ ತಿರುಳೆಂದು ನಂಬಿ, ಮೂವತ್ತೈದು ವರ್ಷಗಳ ಸೇವೆಯ ಬಳಿಕವೂ ಮುಖ್ಯಸ್ಥರಾಗದೆ, ಬರೀ ಶಿಕ್ಷಕರಾಗಿಯೇ ಈ ತಿಂಗಳು ನಿವೃತ್ತರಾಗುತ್ತಿರುವ ಹಿರಿಯರ ಅಭಿನಂದನ ಸಂಪುಟಕ್ಕೆ ಬರೆಯುವುದು ನನ್ನ ಪಾಲಿನ ಗೌರವ. ಸ್ಫೂರ್ತಿ ತುಂಬುವಂತೆ ಬರೆಯಿರಿ ಎಂದು ಸಂಪಾದಕರು ಹೇಳಿದ್ದಾರೆ. ಆ ಭರವಸೆ ಕೊಡಲಾರೆ.

ನಮ್ಮ ತರಬೇತಿ ಕೇಂದ್ರದಲ್ಲಿ ಎಲ್ಲರೂ ಅವರನ್ನು ಕರೆಯುವುದು ಗುಂಡು ಮೇಷ್ಟ್ರು ಎಂದು. ಇನ್ನೊಂದು ಬಗೆಯ ಗುಂಡನ್ನು ಅವರು ಜೀವಮಾನದಲ್ಲಿ ಮುಟ್ಟಿದವರಲ್ಲ. ಆದರೂ "ಮೇಷ್ಟ್ರ ಹತ್ರ ಗುಂಡು ಹಾಕೋಕೆ ಹೋಗ್ತಿದೀನಿ" ಎಂದು ಮನೆಯಲ್ಲಿ ಹೇಳಿ ಬೈಸಿಕೊಂಡು ಬಂದ ಶಿಷ್ಯರು ಹಲವರು. ಅವರ ಪಾಠ ಶುರುವಾಗುತ್ತಿದ್ದದ್ದು ಅಂಗೈಯಿಂದ. ಹೊಸಬರು ಕಪಾಟಿನಲ್ಲಿದ್ದ ಅತಿ ದೊಡ್ಡ ಪಿಸ್ತೂಲಿಗೆ ಆಸೆಪಟ್ಟರೆ, ಅವರ ಅಂಗೈ ಬಿಡಿಸಿ, ಬೆರಳಿನ ಉದ್ದ ನೋಡಿ, "ಚಪ್ಪಲಿ ತಗೊಳ್ಳೋವಾಗ ಅಳತೆ ನೋಡ್ತೀರಲ್ಲ, ಇದಕ್ಕೂ ನೋಡ್ಬೇಕು" ಎನ್ನುತ್ತಿದ್ದರು. ಆಮೇಲೆ ವಾರಗಟ್ಟಲೆ ಗುಂಡಿಲ್ಲದ ಪಿಸ್ತೂಲನ್ನು ಎತ್ತಿ ಇಳಿಸುವ ಅಭ್ಯಾಸ. ಗುರಿಯ ಮೇಲೆ ಕಣ್ಣು ನಿಲ್ಲುವ ತನಕ ಬೆರಳು ಟ್ರಿಗರಿನ ಹತ್ತಿರ ಸುಳಿಯುವಂತಿಲ್ಲ. ಸೊಂಟದಲ್ಲಿ ಕಟ್ಟಿಕೊಂಡು ಓಡಾಡಲು ಪರವಾನಗಿ ಕೇಳುವವರಿಗೆ ಇನ್ನೊಂದು ಪಾಠವಿತ್ತು. "ಇನ್ಮೇಲೆ ನಿಮಗೆ ಜಗಳ ಆಡೋ ಭಾಗ್ಯ ಇಲ್ಲ. ರಸ್ತೇಲಿ ಯಾರಾದ್ರೂ ಬೈದ್ರೆ ಬೈಸ್ಕೊಂಡು ಮನೇಗೆ ಬನ್ನಿ." ಇದನ್ನು ಕೇಳಿ ಅರ್ಧದಲ್ಲೇ ಬಿಟ್ಟುಹೋದವರ ಬಗ್ಗೆ ಮೇಷ್ಟ್ರಿಗೆ ವಿಶೇಷ ಗೌರವ.

ಸೇವೆಯ ಆರಂಭದಲ್ಲಿ ಅವರೂ ಇತರ ಶಿಕ್ಷಕರಂತೆ ಗುರಿ ನೋಡಿ, ಶಿಸ್ತು ನೋಡಿ, ಪರವಾನಗಿಗೆ ಬೇಕಾದ ಅರ್ಹತಾ ಪತ್ರಕ್ಕೆ ಸಹಿ ಹಾಕುತ್ತಿದ್ದರು. ಆಗ ಅವರ ಬಳಿ ಔಷಧಿ ಅಂಗಡಿಯ ಮಾಲೀಕರೊಬ್ಬರು ಕಲಿತರು. ಮೆದು ಮಾತಿನವರು, ಹೇಳಿದ್ದನ್ನು ತಪ್ಪದೆ ಮಾಡುವವರು, ಆ ತಂಡಕ್ಕೆಲ್ಲ ಮಾದರಿ. ಪತ್ರ ಸಿಕ್ಕಿತು, ಪಿಸ್ತೂಲು ಮನೆಗೆ ಬಂತು, ಕೆಲವೇ ತಿಂಗಳಲ್ಲಿ ಅದೇ ಪಿಸ್ತೂಲಿನಿಂದ ಅವರು ತಮ್ಮ ಹೆಂಡತಿಯನ್ನು ಕೊಂದರು. ಮೇಷ್ಟ್ರು ಆ ಮನೆಗೆ ಹೋಗಿ ಬಾಗಿಲಲ್ಲಿ ನಿಂತಾಗ ಸತ್ತವಳ ತಾಯಿ ಅಳಲಿಲ್ಲ, ಬೈಯಲಿಲ್ಲ. "ಕೊಡೋಕೆ ಮುಂಚೆ ನನ್ನ ಮಗಳನ್ನ ಒಂದು ಮಾತು ಕೇಳಿದ್ರಾ ಸಾರ್?" ಎಂದರಂತೆ. ಕೇಳಿರಲಿಲ್ಲ. ಕೆಲಸಕ್ಕೆ ಸೇರುವ ಪ್ರತಿ ಹೊಸ ಶಿಕ್ಷಕರಿಗೂ ಮೇಷ್ಟ್ರು ಇದನ್ನು ತಾವಾಗಿಯೇ ಹೇಳುತ್ತಾರೆ. ನನಗೂ ಹೇಳಿದ್ದಾರೆ.

ಅಂದಿನಿಂದ ಅವರು ಮನೆ ನೋಡದೆ ಸಹಿ ಹಾಕಲಿಲ್ಲ. ಪೆಟ್ಟಿಗೆ ಎಲ್ಲಿ ಇಡುತ್ತೀರಿ, ಬೀಗ ಎಂಥದ್ದು ಎಂದು ವಿಚಾರಿಸುವ ನೆಪದಲ್ಲಿ ಅರ್ಜಿದಾರರ ಮನೆಗೆ ಹೋಗಿ, ಅಳತೆಯ ಟೇಪನ್ನು ಗಂಡಸಿನ ಕೈಗೇ ಕೊಟ್ಟು, ಒಳಗಿನ ಬೀರುವಿನ ಉದ್ದ, ಅಗಲ, ಆಳ ತೆಗೆದುಕೊಂಡು ಬರಲು ಕಳಿಸುತ್ತಿದ್ದರು. ಅವನು ಅಳೆಯುವಷ್ಟು ಹೊತ್ತು ಮನೆಯ ಹೆಂಗಸು ಒಬ್ಬಳೇ ಸಿಗುತ್ತಿದ್ದಳು. ಮೇಷ್ಟ್ರು ದರ್ಜಿ ಕೆಲಸ ಶುರು ಮಾಡಿದ್ದಾರೆಂದು ಶಿಕ್ಷಕರ ಕೋಣೆಯಲ್ಲಿ ನಗೆಯಾಡುತ್ತಿದ್ದರು. ಟೇಪಿನ ಗುಟ್ಟು ಅವರಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಹಾಗೆ ಅವರು ಬಂದ ಮನೆಗಳಲ್ಲಿ ನನ್ನದೂ ಒಂದು. ನನ್ನ ಗಂಡ ಆಗ ಅವರ ಶಿಷ್ಯ. ಇಂಥ ಗ್ರಂಥಗಳಲ್ಲಿ ಎಲ್ಲರಿಗೂ ಬಹುವಚನ ಸಲ್ಲುವುದು ವಾಡಿಕೆ. ಹೆಂಡತಿಯನ್ನು ಕೊಂದವರಿಗೂ ಮೇಲೆ ಅದನ್ನು ಕೊಟ್ಟಿದ್ದೇನೆ, ಇವನೊಬ್ಬನಿಗೆ ಕೊಡಲು ನನ್ನಿಂದಾಗದು. ಅವನ ಗುರಿ ಚೆನ್ನಾಗಿತ್ತು. ಕೇಂದ್ರದಲ್ಲಿ ಅವನ ನಡವಳಿಕೆ ಇನ್ನೂ ಚೆನ್ನಾಗಿತ್ತು. ಮೇಷ್ಟ್ರು ಟೀ ಕುಡಿದು, ಟೇಪು ಕೊಟ್ಟು ಅವನನ್ನು ಒಳಕೋಣೆಗೆ ಕಳಿಸಿ, ಲೋಟ ಹಿಂತಿರುಗಿಸುವಂತೆ ಅಡುಗೆಮನೆಯ ಬಾಗಿಲಿಗೆ ಬಂದರು.

"ಏನಮ್ಮ, ಇದು ಈ ಮನೇಗೆ ಬರೋದು ನಿಮಗೆ ಬೇಕಾ?"

ಮದುವೆಯಾಗಿ ಹನ್ನೊಂದು ವರ್ಷಗಳಲ್ಲಿ ಆ ಮನೆಗೆ ಏನು ಬೇಕು, ಏನು ಬೇಡ ಎಂದು ನನ್ನನ್ನು ಯಾರೂ ಕೇಳಿರಲಿಲ್ಲ. ಒಳಗೆ ಟೇಪು ಎಳೆಯುವ ಸದ್ದು ಕೇಳುತ್ತಿತ್ತು. ಬೇಡ ಎಂದೆ. ದನಿ ಹೊರಟಿತೋ ಬರೀ ತುಟಿ ಅಲುಗಿತೋ ನನಗೇ ತಿಳಿಯದು. ಅವರು ತಲೆಯಾಡಿಸಲೂ ಇಲ್ಲ. "ಟೀ ಚೆನ್ನಾಗಿತ್ತಮ್ಮ" ಎಂದು ಒಳಗಿನವನಿಗೂ ಕೇಳಿಸುವಂತೆ ಹೇಳಿ, ಹೋಗಿ ಕುರ್ಚಿಯಲ್ಲಿ ಕುಳಿತರು. ಅವನು ಹೇಳಿದ ಅಳತೆಗಳನ್ನೆಲ್ಲ ಗಂಭೀರವಾಗಿ ಬರೆದುಕೊಂಡು ಹೋದರು.

ಮಾರನೆಯ ದಿನ ಅವನ ಅರ್ಜಿ ತಿರಸ್ಕಾರವಾಯಿತು. ಕೊಟ್ಟ ಕಾರಣ, ಹಿಡಿತ ಸಾಲದು. ಕೇಂದ್ರದಲ್ಲೇ ಅತ್ಯುತ್ತಮ ಗುರಿಯವನಿಗೆ ಹಿಡಿತ ಸಾಲದು ಎಂದರೆ ಯಾರು ನಂಬುತ್ತಾರೆ? ಲಂಚ ಕೇಳಿದರು, ಕೊಡದಿದ್ದಕ್ಕೆ ಹೀಗೆ ಮಾಡಿದರು ಎಂದು ನನ್ನ ಗಂಡ ದೂರು ಕೊಟ್ಟ. ವಿಚಾರಣೆಯ ದಿನ ನನ್ನನ್ನೂ ಕರೆದುಕೊಂಡು ಹೋಗಿ ತನ್ನ ಹಿಂದಿನ ಬೆಂಚಿನಲ್ಲಿ ಕೂರಿಸಿದ. ಎದುರಿಗೆ ಮೇಷ್ಟ್ರು ನಿಂತಿದ್ದರು.

"ಇಷ್ಟು ಒಳ್ಳೆ ಗುರಿ ಇರೋರಿಗೆ ಹಿಡಿತ ಸಾಲದು ಅಂತ ಹೇಗ್ರೀ ಬರೆದ್ರಿ?" ಎಂದು ವಿಚಾರಣಾ ಸಮಿತಿಯ ಅಧ್ಯಕ್ಷರು ಕೇಳಿದರು.

"ನನಗೆ ಹಾಗನ್ನಿಸ್ತು ಸಾರ್."

"ಬೇರೆ ಕಾರಣ ಇದ್ರೆ ಹೇಳಿ. ನಿಮ್ಮ ಕೆಲಸದ ಪ್ರಶ್ನೆ ಇದು."

"ಬೇರೆ ಕಾರಣ ಇಲ್ಲ."

ನನ್ನ ಹೆಸರು ಹೇಳಿದ್ದರೆ ಸಾಕಿತ್ತು. ಅವರು ಆ ಕೋಣೆಯಲ್ಲಿ ಇದ್ದಷ್ಟು ಹೊತ್ತೂ ನಾನು ಕುಳಿತ ದಿಕ್ಕಿಗೆ ಒಮ್ಮೆಯೂ ಕಣ್ಣು ಹಾಯಿಸಲಿಲ್ಲ. ಲಂಚದ ಆರೋಪ ಸಾಬೀತಾಗಲಿಲ್ಲ. ಆದರೆ ಸಕಾರಣವಿಲ್ಲದೆ ಅರ್ಹರನ್ನು ತಿರಸ್ಕರಿಸಿದ್ದಕ್ಕೆ ಅವರನ್ನು ಒಂದು ವರ್ಷ ಅಮಾನತಿನಲ್ಲಿಟ್ಟು, ಮುಂದಿನ ಬಡ್ತಿಗಳನ್ನೆಲ್ಲ ತಡೆದರು. "ಈಗ ಯಾರ ಹಿಡಿತ ಸಾಲದು ಮೇಷ್ಟ್ರೇ?" ಎಂದು ನನ್ನ ಗಂಡ ಪಡಸಾಲೆಯಲ್ಲಿ ಎಲ್ಲರ ಮುಂದೆ ಕೇಳಿದ. ಅವರು ದಾರಿ ಬಿಟ್ಟು ನಿಂತರು. ಈ ಸಂಪುಟದ ಜೀವನ ವಿವರದಲ್ಲಿ ಆ ವರ್ಷವನ್ನು ಅನಾರೋಗ್ಯದ ರಜೆ ಎಂದು ಅಚ್ಚು ಹಾಕಲು ಹೊರಟಿದ್ದಾರೆ. ಸಂಪಾದಕರ ಸದುದ್ದೇಶ ಅರ್ಥವಾಗುತ್ತದೆ. ಮೇಷ್ಟ್ರಿಗೆ ಆ ವರ್ಷ ನೆಗಡಿಯೂ ಆಗಿರಲಿಲ್ಲ.

ತಿರಸ್ಕಾರದ ವಿರುದ್ಧ ನನ್ನ ಗಂಡ ಮತ್ತೆ ಅರ್ಜಿ ಹಾಕಿ, ಬೇರೆ ಶಿಕ್ಷಕರಿಂದ ಪರೀಕ್ಷೆಗೆ ದಿನ ಗೊತ್ತು ಮಾಡಿಸಿಕೊಂಡಿದ್ದ. ಅಷ್ಟರೊಳಗೆ ಒಂದು ಸಂಜೆ, ಸಾರಿಗೆ ಉಪ್ಪು ಕಡಿಮೆಯೆಂದೋ ಇನ್ನೇನೋ, ಅವನಿಗೆ ಸಿಟ್ಟು ನೆತ್ತಿಗೇರಿತು. ಮೊದಲು ಬೀರುವಿನ ಕಡೆ ನೋಡಿದ. ಪಿಸ್ತೂಲಿಗೆಂದು ಅಳತೆ ತೆಗೆದ ಜಾಗ ಖಾಲಿ ಇತ್ತು. ಆಮೇಲೆ ಪಕ್ಕದಲ್ಲಿದ್ದ ಮಡಚುವ ಕುರ್ಚಿ ಎತ್ತಿಕೊಂಡ. ನನ್ನ ಎಡ ಮೊಣಕೈ ಎರಡು ಕಡೆ ಮುರಿಯಿತು. ಆಸ್ಪತ್ರೆಯಿಂದ ನಾನು ನೇರ ಅಕ್ಕನ ಮನೆಗೆ ಹೋದೆ, ತಿರುಗಿ ಆ ಮನೆಗೆ ಹೋಗಲಿಲ್ಲ. ವೈದ್ಯರ ವರದಿಯೊಂದಿಗೆ ಅಕ್ಕ ಪೊಲೀಸರಿಗೆ ದೂರು ಕೊಟ್ಟ ಮೇಲೆ ಅವನ ಅರ್ಜಿ ಶಾಶ್ವತವಾಗಿ ರದ್ದಾಯಿತು.

ಕೆಲವು ವರ್ಷಗಳ ನಂತರ ಕೇಂದ್ರದಲ್ಲಿ ಅಂಕ ಎಣಿಸುವ ಕೆಲಸ ಖಾಲಿ ಇದೆಯೆಂದು ತಿಳಿದು ಹೋದೆ. ಮೇಷ್ಟ್ರು ಜೀವಮಾನದಲ್ಲಿ ನನ್ನನ್ನು ನೋಡಿಯೇ ಇಲ್ಲವೆಂಬಂತೆ ಕೂರಿಸಿ, "ಬಂದೂಕು ಅಂದ್ರೆ ಭಯಾನಾ?" ಎಂದು ಕೇಳಿದರು.

"ಹೌದು ಸಾರ್."

"ಹಾಗಿದ್ರೆ ಕಲಿಸ್ಬಹುದು."

ಕೆಲಸವೂ ಸಿಕ್ಕಿತು, ಪಾಠವೂ ಶುರುವಾಯಿತು. ಕೈ ಹೇಗೆ ಮುರಿಯಿತೆಂದು ಅವರು ಕೇಳಲಿಲ್ಲ. ನೆಟ್ಟಗಾಗದ ಎಡಗೈಯಲ್ಲಿ ರೈಫಲ್ ನಿಲ್ಲದೆಂದು ಕಂಡು, ಒಂದೇ ಕೈಯಲ್ಲಿ ಹಿಡಿಯುವ ಏರ್ ಪಿಸ್ತೂಲನ್ನು ನನಗೆಂದು ಆರಿಸಿದರು. "ಎಡಗೈಗೆ ರಜಾ. ಜೇಬಲ್ಲಿ ಇಟ್ಕೊಳ್ಳಿ." ನಾಲ್ಕನೇ ವರ್ಷ ನಾನು ಸ್ಪರ್ಧೆಯಲ್ಲಿ ಕಂಚು ಗೆದ್ದೆ, ಮುಂದೆ ಶಿಕ್ಷಕಿಯಾದೆ. ಆ ಅಡುಗೆಮನೆಯ ಮಾತನ್ನು ನಾವಿಬ್ಬರೂ ಇಂದಿನವರೆಗೆ ಎತ್ತಿಲ್ಲ. ಎತ್ತಿದ್ದರೆ ಟೇಪಿನ ಗುಟ್ಟು ಹೊರಬಿದ್ದು, ಬೇಡವೆಂದ ಇತರ ಮನೆಗಳ ಹೆಂಗಸರ ಪ್ರಾಣಕ್ಕೆ ಬರುತ್ತಿತ್ತು. ಈಗ ನಿಯಮ ಬದಲಾಗಿದೆ. ಮನೆಯ ವಯಸ್ಕರನ್ನೆಲ್ಲ ಕೇಂದ್ರಕ್ಕೇ ಕರೆಸಿ ಒಬ್ಬೊಬ್ಬರನ್ನೇ ಕೇಳುತ್ತೇವೆ, ತಿರಸ್ಕರಿಸಲು ಕಾರಣ ಹೇಳಬೇಕಾಗಿಲ್ಲ. ನನ್ನ ಗಂಡನೂ ಕಳೆದ ವರ್ಷ ತೀರಿಕೊಂಡ. ಹೀಗಾಗಿ ಇಷ್ಟನ್ನು ಬರೆಯಲು ಸಾಧ್ಯವಾಯಿತು.

ಇದನ್ನು ಗೆಲುವಿನ ಕಥೆ ಎಂದು ಯಾರೂ ಓದಬಾರದು. ಮೇಷ್ಟ್ರು ಕೇಳಿದಾಗ ಹೆದರಿ "ಅವರಿಗೆ ಬೇಕಂದ್ರೆ ನನಗೂ ಬೇಕು" ಎಂದ ಹೆಂಗಸರಿದ್ದರು. ಅವರಲ್ಲಿ ಇಬ್ಬರು ಇಂದು ಇಲ್ಲ, ಆ ಎರಡು ಪತ್ರಗಳ ಮೇಲಿರುವುದು ಮೇಷ್ಟ್ರ ಸಹಿಯೇ. ಅವರು ನಿದ್ದೆ ಬಾರದ ಮನುಷ್ಯ ಎಂಬುದು ಅವರ ಮನೆಯವರಿಗೆಲ್ಲ ಗೊತ್ತು.

ನಿವೃತ್ತಿಯ ನಂತರವೂ ವಾರಕ್ಕೆರಡು ದಿನ ಬಂದು, ಹೆದರಿದವರನ್ನು ಹೇಗೆ ಕೇಳಬೇಕು ಎಂಬುದನ್ನು ಹೊಸಬರಿಗೆ ಕಲಿಸಲು ಅವರು ಒಪ್ಪಿದ್ದಾರೆ. ಆ ಕೆಲಸ ಮುಗಿಯುವಂಥದ್ದಲ್ಲ, ಅದಕ್ಕೆ ಬೇಕಾದ ಆರೋಗ್ಯ ಅವರಿಗಿರಲಿ, ಒಂದಿಷ್ಟು ನಿದ್ದೆಯೂ ಬರಲಿ. ನೂರು ಕಾಲ ಬಾಳಿ ಎಂದು ಹಾರೈಸುವುದು ಇಂಥ ಬರಹಗಳ ರೂಢಿ. ಈ ಬರಹದ ಮಟ್ಟಿಗೆ ಅದು ಬರೀ ರೂಢಿಯಲ್ಲ. ಮೇಷ್ಟ್ರ ಆಯುಸ್ಸು ಬೆಳೆಯಲಿ ಎಂದು ಬೇಡಿಕೊಳ್ಳುತ್ತೇನೆ. ನನ್ನದನ್ನು ಅವರು ಆಗಲೇ ಬೆಳೆಸಿಕೊಟ್ಟಿದ್ದಾರೆ.